ಒಲೆ ಮತ್ತೆ ಹೊತ್ತುವವರೆಗೆ

2019ರ ಜುಲೈ 26ರ ರಾತ್ರಿ ಮುಂಬಯಿಯಿಂದ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮೀ ಎಕ್ಸ್‌ಪ್ರೆಸ್ ಕಲ್ಯಾಣ್ ದಾಟಿತು, ಬದ್ಲಾಪುರವನ್ನೂ ದಾಟಿತು, ಆದರೆ ಮುಂದಿನ ವಾಂಗಣಿ ತಲುಪಲಿಲ್ಲ. ಉಲ್ಹಾಸ್ ನದಿ ಹಳಿಯ ಮೇಲೆ ಹರಿಯುತ್ತಿತ್ತು. ಬೆಳಗಾದಾಗ ರೈಲಿನ ಎರಡೂ ಬದಿಗೆ ನೀರು. ಒಳಗೆ ಸುಮಾರು 1,050 ಪ್ರಯಾಣಿಕರು, ಅವರಲ್ಲಿ ಒಂಬತ್ತು ಮಂದಿ ಗರ್ಭಿಣಿಯರು. ರೈಲ್ವೆ ರಕ್ಷಣಾ ದಳದವರು ಮತ್ತು ಪೊಲೀಸರು ಮೊದಲು ತಲುಪಿಸಿದ್ದು ಬಿಸ್ಕತ್ತು ಮತ್ತು ಕುಡಿಯುವ ನೀರು. ಆಮೇಲೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ದೋಣಿಗಳು ಬಂದವು, ನೌಕಾಪಡೆಯ ಈಜುಗಾರರು ಬಂದರು, ಹೆಲಿಕಾಪ್ಟರ್‌ಗಳು ಬಂದವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಲ್ಲರೂ ಸುರಕ್ಷಿತವಾಗಿ ಹೊರಬಂದಿದ್ದರು. ಅವರನ್ನು ಕರೆದೊಯ್ದದ್ದು ಬದ್ಲಾಪುರದ ಒಂದು ಮಂಗಲ ಕಾರ್ಯಾಲಯಕ್ಕೆ, ಅಂದರೆ ಮದುವೆಯ ಛತ್ರಕ್ಕೆ. ಅಲ್ಲಿ ವೈದ್ಯರಿದ್ದರು, ಊಟವಿತ್ತು. ಅನಂತರ ಕಲ್ಯಾಣ್‌ನಿಂದ 19 ಬೋಗಿಗಳ ವಿಶೇಷ ರೈಲು ಅವರನ್ನು ಕೊಲ್ಹಾಪುರದ ಕಡೆ ಕರೆದೊಯ್ದಿತು.

ಆ ದಿನ ದೇಶವೆಲ್ಲ ಟಿವಿಯಲ್ಲಿ ನೋಡಿದ್ದು ದೋಣಿ ಮತ್ತು ಹೆಲಿಕಾಪ್ಟರ್. ನೆರೆಯ ನೆನಪು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ: ಎಷ್ಟು ಮಿಲಿಮೀಟರ್ ಮಳೆ, ಎಷ್ಟು ಜನರ ರಕ್ಷಣೆ, ಎಷ್ಟು ಸಾವು. ಮೊದಲ ಬಿಸ್ಕತ್ತಿನಿಂದ ಛತ್ರದ ಊಟದವರೆಗಿನ ದಾರಿ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳ ಈ ಕಣಿವೆಯಲ್ಲಿ ಆ ದಾರಿಯನ್ನು ಹೆಚ್ಚಾಗಿ ಸವೆಸಿದವರು ಸಂಬಳವಿಲ್ಲದ ಜನ. ಅವರು ಯಾರಿಗೆ ಉಣಬಡಿಸುತ್ತಾರೆ, ಎಷ್ಟು ದಿನ, ಅವರು ಸೌಟು ಕೆಳಗಿಟ್ಟ ಮೇಲೆ ಏನಾಗುತ್ತದೆ ಎಂಬುದು ದಯೆ ದಾನದ ವಿಷಯ ಮಾತ್ರವಾಗಿ ಉಳಿದಿಲ್ಲ. ಅದು ಕಾನೂನಿಗೂ ಸಂಬಂಧಿಸಿದ ಪ್ರಶ್ನೆ.

ಗಂಜಿ ಕೇಂದ್ರ ಎಂಬ ಪದ

ಕನ್ನಡದ ಪತ್ರಿಕೆಗಳು ನೆರೆಯ ಆಶ್ರಯತಾಣವನ್ನು ಬಹುಕಾಲ ‘ಗಂಜಿ ಕೇಂದ್ರ’ ಎಂದೇ ಕರೆದವು. ಅಲ್ಲಿ ಅನ್ನ ಸಾರು, ಉಪ್ಪಿಟ್ಟು, ಚಪಾತಿ ಬಡಿಸಿದರೂ ಹೆಸರು ಮಾತ್ರ ಗಂಜಿಯದೇ. ಈಚಿನ ವರ್ಷಗಳಲ್ಲಿ ಕರ್ನಾಟಕ ಸರ್ಕಾರ ‘ಕಾಳಜಿ ಕೇಂದ್ರ’ ಎಂಬ ಹೆಸರನ್ನು ಬಳಕೆಗೆ ತಂದಿದೆ. ಹಳೆಯ ಹೆಸರಿನಲ್ಲಿ ನೆರೆಗಿಂತ ಬರದ ನೆನಪೇ ಹೆಚ್ಚು.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ತಿಂದು ಹಾಕಿದ ಕ್ಷಾಮವನ್ನು ಕನ್ನಡನಾಡು ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರ ಎಂದು ನೆನಪಿಟ್ಟುಕೊಂಡಿದೆ. ಮೈಸೂರು ಸೀಮೆಯ ಜನಸಂಖ್ಯೆ 1871ರ ಗಣತಿಯಲ್ಲಿ 50,55,412 ಇದ್ದದ್ದು 1881ರಲ್ಲಿ 41,86,188ಕ್ಕೆ ಇಳಿದಿತ್ತು. ಕೆಲಸ ಮಾಡಲಾಗದವರಿಗೆ ಬೇಯಿಸಿದ ಆಹಾರ ಹಾಕುವ ಕೇಂದ್ರಗಳು, ಕೆಲಸ ಮಾಡಬಲ್ಲವರಿಗೆ ರಸ್ತೆ ಕೆರೆಗಳ ಕಾಮಗಾರಿ, ಇದು ಆಗಿನ ಏರ್ಪಾಡು. 1877ರಲ್ಲಿ ಕ್ಷಾಮ ಪರಿಹಾರದ ಖರ್ಚಿಗೆ ಕಡಿವಾಣ ಹಾಕಲು ಬಂದ ರಿಚರ್ಡ್ ಟೆಂಪಲ್, ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸು ಸಾಕು ಎಂದ. ಮದರಾಸಿನ ಆರೋಗ್ಯ ಆಯುಕ್ತ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ಮನುಷ್ಯನಿಗೆ ಕನಿಷ್ಠ ಎಷ್ಟು ಊಟ ಬೇಕು ಎಂಬ ವಾದ ಸರ್ಕಾರದ ಕಡತಗಳೊಳಗೆ ಹೀಗೆ ಕಾವೇರಿತು. 1880ರಲ್ಲಿ ಕ್ಷಾಮ ಆಯೋಗದ ವರದಿ ಬಂತು, ಅದರ ಬೆನ್ನಿಗೆ ಕ್ಷಾಮ ಸಂಹಿತೆಗಳು ಬಂದವು.

ಸ್ವಾತಂತ್ರ್ಯ ಬಂದ ಮೇಲೂ ಸರ್ಕಾರಿ ಪರಿಹಾರದ ಯೋಚನೆ ಬಹುಕಾಲ ಈ ಬರದ ಅಚ್ಚಿನಲ್ಲೇ ನಡೆಯಿತು. ಬರ ನಿಧಾನವಾಗಿ ಬರುತ್ತದೆ. ಮಳೆ ಕೈಕೊಟ್ಟದ್ದು ಆಷಾಢದಲ್ಲಿ ತಿಳಿದರೆ ಹಸಿವು ಕಾಣುವುದು ಸಂಕ್ರಾಂತಿಯ ಹೊತ್ತಿಗೆ. ಧಾನ್ಯ ಇಲ್ಲ, ಕೊಳ್ಳಲು ದುಡ್ಡಿಲ್ಲ, ಆದರೆ ಒಲೆ ಇದೆ. ನೆರೆಯಲ್ಲಿ ಇದು ತಲೆಕೆಳಗು. ಬೆಳಿಗ್ಗೆ ತಿಂಡಿ ತಿಂದ ಮನೆಯಲ್ಲೇ ರಾತ್ರಿ ಅಡುಗೆ ಇಲ್ಲ. ಡಬ್ಬಿಯಲ್ಲಿ ಅಕ್ಕಿ ಇರಬಹುದು, ಬ್ಯಾಂಕಿನಲ್ಲಿ ದುಡ್ಡೂ ಇರಬಹುದು. ಒಲೆ ನೀರೊಳಗೆ, ಸಿಲಿಂಡರ್ ತೇಲುತ್ತಿದೆ, ನಲ್ಲಿಯಲ್ಲಿ ನೀರಿಲ್ಲ. ಆದ್ದರಿಂದ ಇಲ್ಲಿ ಬೇಕಾದದ್ದು ಗೋದಾಮಿನ ಧಾನ್ಯಕ್ಕಿಂತ ಮೊದಲು ಹತ್ತಿರದಲ್ಲೆಲ್ಲೋ ಉರಿಯುತ್ತಿರುವ ಒಂದು ಒಲೆ. ಹತ್ತಿರದ ಒಲೆ ಸರ್ಕಾರದ್ದಾಗಿರುವುದಿಲ್ಲ, ನೆರೆಯವರದಾಗಿರುತ್ತದೆ. ಕನ್ನಡದಲ್ಲಿ ‘ನೆರೆ’ ಎಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು.

ಚಿಕ್ಕ ನದಿ, ದೊಡ್ಡ ಊರು

ಉಲ್ಹಾಸ್ ಉದ್ದದ ನದಿಯಲ್ಲ. ಲೋಣಾವಳಾ ಬಳಿಯ ಘಟ್ಟದ ಅಂಚಿನಲ್ಲಿ ಹುಟ್ಟಿ, ಕರ್ಜತ್, ನೇರಳ್, ಬದ್ಲಾಪುರಗಳ ಪಕ್ಕದಲ್ಲಿ ಇಳಿದು, ಕಲ್ಯಾಣ್ ಬಳಿ ಖಾರಿಯಾಗಿ ಅಗಲಿಸಿ, ವಸಯಿಯಲ್ಲಿ ಸಮುದ್ರ ಸೇರುತ್ತದೆ. ಒಟ್ಟು ಉದ್ದ ಸುಮಾರು 122 ಕಿಲೋಮೀಟರ್. ಬಾರವಿ, ಭಾತ್ಸಾ, ಕಾಳು ಮುಂತಾದ ಹೊಳೆಗಳು ದಾರಿಯಲ್ಲಿ ಸೇರುತ್ತವೆ. ಅಂಬರನಾಥ, ಉಲ್ಹಾಸ್‌ನಗರಗಳ ನಡುವೆ ಹರಿಯುವ ವಾಲ್ಧುನಿ ಬೇಸಿಗೆಯಲ್ಲಿ ಕೊಳಚೆ ಕಾಲುವೆಯಂತಿದ್ದು ಜುಲೈಯಲ್ಲಿ ತಾನೂ ನದಿ ಎಂದು ನೆನಪಿಸುತ್ತದೆ.

ಘಟ್ಟದ ಮೇಲೆ ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ಕಲ್ಯಾಣ್ ಮುಟ್ಟುತ್ತದೆ. ಆ ಹೊತ್ತಿಗೆ ಸಮುದ್ರದಲ್ಲಿ ಭರತವಿದ್ದರೆ ಖಾರಿಯ ಬಾಯಿ ಮುಚ್ಚಿದಂತೆ. ನೀರು ಹಿಂದಕ್ಕೆ ಹಬ್ಬುತ್ತದೆ. ಭರತ ಇಳಿದು ಮಳೆ ನಿಂತರೆ ಬಂದ ಹಾಗೆಯೇ ಬೇಗ ಇಳಿಯುತ್ತದೆ. ನವಿ ಮುಂಬಯಿಯನ್ನು 1970ರ ದಶಕದಲ್ಲಿ ಕಟ್ಟಿದ ಸಿಡ್ಕೊ ಸಂಸ್ಥೆ ಇದನ್ನು ತಿಳಿದೇ ತಗ್ಗು ನೆಲದಲ್ಲಿ ಕೆರೆಗಳಂಥ ತಡೆಹೊಂಡಗಳನ್ನು ತೋಡಿತು. ಭರತದ ಹೊತ್ತಿನಲ್ಲಿ ಮಳೆನೀರು ಅಲ್ಲಿ ಕಾಯುತ್ತದೆ, ಇಳಿತದಲ್ಲಿ ಖಾರಿಗೆ ಹೋಗುತ್ತದೆ. ಕಲ್ಯಾಣ್, ಡೊಂಬಿವಲಿಗಳು ಹಾಗೆ ಯೋಜಿಸಿ ಕಟ್ಟಿದ ಊರುಗಳಲ್ಲ. 1853ರಲ್ಲಿ ಬೋರಿಬಂದರಿನಿಂದ ಥಾಣೆಗೆ ಬಂದ ದೇಶದ ಮೊದಲ ಪ್ರಯಾಣಿಕರ ರೈಲುಮಾರ್ಗ ಮರುವರ್ಷ ಕಲ್ಯಾಣ್ ಮುಟ್ಟಿತು. ಆಮೇಲೆ ಮುಂಬಯಿಯಲ್ಲಿ ಬಾಡಿಗೆ ಕೈಗೆಟುಕದವರೆಲ್ಲ ಹಳಿಯ ಗುಂಟ ಹಿಂದಕ್ಕೆ ಸರಿಯುತ್ತ ಬಂದರು. ದೇಶವಿಭಜನೆಯಾದಾಗ ಕಲ್ಯಾಣ್ ಪಕ್ಕದ ಸೇನಾ ಶಿಬಿರಗಳಿಗೆ ಸಿಂಧಿ ನಿರಾಶ್ರಿತರು ಬಂದರು. ಆ ಶಿಬಿರಗಳೇ 1949ರಲ್ಲಿ ಉಲ್ಹಾಸ್‌ನಗರವಾದವು. ಅಲ್ಲಿಯ ಬಡಾವಣೆಗಳನ್ನು ಇಂದಿಗೂ ‘ಕ್ಯಾಂಪ್’ ಎಂದೇ ಎಣಿಸುತ್ತಾರೆ.

ಹೀಗೆ ಬೆಳೆದ ಊರುಗಳ ಮೇಲೆ 2005ರ ಜುಲೈ 26ರಂದು ಮಳೆ ಬಿತ್ತು. ಮುಂಬಯಿಯ ಸಾಂತಾಕ್ರೂಜ್ ಮಾಪಕದಲ್ಲಿ 24 ಗಂಟೆಗೆ 944 ಮಿಲಿಮೀಟರ್. ಬೆಂಗಳೂರಿಗೆ ಹೆಚ್ಚುಕಡಿಮೆ ಇಡೀ ವರ್ಷ ಬೀಳುವಷ್ಟು ಮಳೆ ಅದು. ಅದೇ ದಿನ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್ ಮಾತ್ರ. ಮೀಠಿ ನದಿ ಮುಂಬಯಿಯನ್ನು ಮುಳುಗಿಸಿದ ಕಥೆ ಎಲ್ಲರಿಗೂ ಗೊತ್ತು. ಇತ್ತ ಉಲ್ಹಾಸ್ ಮತ್ತು ವಾಲ್ಧುನಿ ಉಕ್ಕಿ ಬದ್ಲಾಪುರ, ಅಂಬರನಾಥ, ಉಲ್ಹಾಸ್‌ನಗರ, ಕಲ್ಯಾಣ್‌ಗಳ ತಗ್ಗು ಬಡಾವಣೆಗಳನ್ನು ನುಂಗಿದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಲೋಕಲ್ ರೈಲು ನಿಂತವು, ಫೋನು ಸತ್ತಿತು, ಕರೆಂಟು ಹೋಯಿತು.

ಆ ರಾತ್ರಿ ಲಕ್ಷಾಂತರ ಜನ ನಡೆದೇ ಮನೆ ಮುಟ್ಟಬೇಕಾಯಿತು. ದಾರಿಯುದ್ದಕ್ಕೂ ಜನರು ಅವರಿಗೆ ಚಹಾ, ನೀರು, ಬಿಸ್ಕತ್ತು, ವಡಾಪಾವ್, ಖಿಚಡಿ ಕೊಟ್ಟದ್ದು ಮುಂಬಯಿಯ ನೆನಪಿನಲ್ಲಿ ಗಟ್ಟಿಯಾಗಿ ಉಳಿದಿದೆ. ಗುರುದ್ವಾರ, ದೇವಸ್ಥಾನ, ಮಸೀದಿ, ಶಾಲೆಗಳ ಬಾಗಿಲು ತೆರೆದವು. ಯಾರೂ ಆದೇಶ ಹೊರಡಿಸಿರಲಿಲ್ಲ. ಹೊರಡಿಸಿದ್ದರೂ ಅದು ತಲುಪುವ ದಾರಿ ಇರಲಿಲ್ಲ.

ಪಾತ್ರೆ ಎಲ್ಲಿಂದ ಬಂತು

ಸಾವಿರ ಜನರ ಅಡುಗೆ ಒಳ್ಳೆಯ ಮನಸ್ಸೊಂದರಿಂದ ಆಗುವುದಿಲ್ಲ. ದೊಡ್ಡ ಪಾತ್ರೆ ಬೇಕು, ದೊಡ್ಡ ಬರ್ನರ್ ಬೇಕು, ಐವತ್ತು ಜನರ ಉಪ್ಪಿಗೂ ಐನೂರು ಜನರ ಉಪ್ಪಿಗೂ ಇರುವ ವ್ಯತ್ಯಾಸ ಬಲ್ಲ ಕೈ ಬೇಕು. ಈ ಕಣಿವೆಯಲ್ಲಿ ಆ ಮೂರೂ ಇದ್ದವು. ಅವು ಬಂದದ್ದು ಬೇರೆ ಬೇರೆ ದಾರಿಗಳಿಂದ.

ಒಂದು ದಾರಿ ಖಾನಾವಳಿಯದು. ಉತ್ತರ ಕರ್ನಾಟಕದವರಿಗೆ ಈ ಪದದ ಅರ್ಥ ಹೇಳಬೇಕಿಲ್ಲ. ಮುಂಬಯಿಯ ಗಿರಣಿಗಳಿಗೆ ಒಂಟಿಯಾಗಿ ಬಂದ ಗಂಡಸರಿಗೆ ತಮ್ಮ ಸಣ್ಣ ಕೋಣೆಗಳಲ್ಲೇ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸರನ್ನು ಅಲ್ಲಿ ಖಾನಾವಳವಾಲಿ ಎನ್ನುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ ಅವರನ್ನು ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಸಂಘಟಿಸಿದರು. ಬಡ್ಡಿಯವರ ಹಿಡಿತದಿಂದ ಬಿಡಿಸಿ ಬ್ಯಾಂಕ್ ಸಾಲ ಕೊಡಿಸಿದರು. ಮಂಡಳದ ಕೆಲಸ ನವಿ ಮುಂಬಯಿಗೂ ಹಬ್ಬಿತು. 1982ರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಕಾರ್ಮಿಕರ ಎಷ್ಟೋ ಸಂಸಾರಗಳು ಥಾಣೆ, ಕಲ್ಯಾಣ್ ಕಡೆಗೆ ಸರಿದವು. ಹೊರಗಿನವರಿಗೆ ಲೆಕ್ಕಹಾಕಿ ಅಡುಗೆ ಮಾಡುವ ಕಸುಬೂ ಅವರ ಜೊತೆ ಬಂತು.

ಇನ್ನೊಂದು ದಾರಿ ಕರಾವಳಿಯ ಹೋಟೆಲುಗಳದು. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಕಾಲದಿಂದ ಉಡುಪಿ, ದಕ್ಷಿಣ ಕನ್ನಡದವರ ಹೋಟೆಲುಗಳು ರೈಲು ಹೋದಲ್ಲೆಲ್ಲ ಹೋದವು. ಥಾಣೆ, ಡೊಂಬಿವಲಿ, ಕಲ್ಯಾಣ್ ನಿಲ್ದಾಣಗಳ ಎದುರು ಇಂದಿಗೂ ಅವು ಕಾಣುತ್ತವೆ. ಅಲ್ಲಿ ಹಿಂದಿನ ರಾತ್ರಿಯೇ ರುಬ್ಬಿಟ್ಟ ಹಿಟ್ಟಿರುತ್ತದೆ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅಭ್ಯಾಸವಿರುವ ಹುಡುಗರಿರುತ್ತಾರೆ. ನೆರೆಯ ಮೊದಲ ಬೆಳಿಗ್ಗೆ ಇಂಥ ಅಡುಗೆಮನೆಗಿಂತ ದೊಡ್ಡ ಆಸ್ತಿ ಒಂದು ಊರಿಗೆ ಬೇರೆ ಇಲ್ಲ.

ಮೂರನೆಯದು ಪಂಚಾಂಗದ ಕೃಪೆ. ಮಹಾರಾಷ್ಟ್ರದಲ್ಲಿ ಆಷಾಢ ಏಕಾದಶಿಯಿಂದ ಚಾತುರ್ಮಾಸ ಶುರು. ಅಲ್ಲಿಂದ ಕಾರ್ತಿಕದವರೆಗೆ ಮದುವೆ ಮುಂಜಿ ವಿರಳ. ದೊಡ್ಡ ಮಳೆ ಬರುವ ಜುಲೈ ಕೊನೆ, ಆಗಸ್ಟ್ ತಿಂಗಳುಗಳಲ್ಲಿ ಮಂಗಲ ಕಾರ್ಯಾಲಯಗಳು ಸಾಮಾನ್ಯವಾಗಿ ಖಾಲಿ. ಹಂಡೆ, ಕೊಪ್ಪರಿಗೆ, ಸಾಲು ಒಲೆ, ನೀರಿನ ಟ್ಯಾಂಕು, ನೂರಾರು ಜನ ಮಲಗಬಹುದಾದ ಸಭಾಂಗಣ, ಶೌಚಾಲಯ, ಎಲ್ಲ ಒಂದೇ ಸೂರಿನಡಿ ಸಿಗುತ್ತವೆ. ಮಹಾಲಕ್ಷ್ಮೀ ಎಕ್ಸ್‌ಪ್ರೆಸ್‌ನ ಪ್ರಯಾಣಿಕರು ಛತ್ರಕ್ಕೆ ಹೋದದ್ದರಲ್ಲಿ ಇಂಥ ತರ್ಕವಿದೆ. ಗಣೇಶೋತ್ಸವ ಹತ್ತಿರ ಬರುತ್ತಿರುವುದರಿಂದ ಗಲ್ಲಿಗಲ್ಲಿಯ ಮಂಡಳಗಳ ಹುಡುಗರೂ ಅದೇ ಹೊತ್ತಿಗೆ ಒಟ್ಟು ಸೇರಿರುತ್ತಾರೆ.

ಧಾನ್ಯ, ತರಕಾರಿಗೆ ನವಿ ಮುಂಬಯಿಯ ವಾಶಿ ಇದೆ. ಮುಂಬಯಿಯ ಸಗಟು ಮಾರುಕಟ್ಟೆಗಳು 1980, 90ರ ದಶಕಗಳಲ್ಲಿ ಒಂದೊಂದಾಗಿ ಅಲ್ಲಿಗೆ ಬಂದವು. ರೈಲು ನಿಂತಾಗ ವಾಶಿಯ ಸಾಮಾನು ಕಲ್ಯಾಣ್, ಡೊಂಬಿವಲಿ ಸೇರಲು ಶಿಲ್‌ಫಾಟಾದ ರಸ್ತೆಯೇ ಗತಿ. ಆ ರಸ್ತೆ ತೆರೆದಿದೆಯೇ ಎಂಬುದರ ಮೇಲೆ ಎರಡನೇ ದಿನದ ಅಡುಗೆ ನಿಂತಿರುತ್ತದೆ.

ಖಿಚಡಿಯ ಲೆಕ್ಕ

ನೆರೆಯ ಅಡುಗೆಗೆ ಗಂಟೆಗಳ ಕ್ರಮವಿದೆ. ಮೊದಲ ಅರ್ಧ ದಿನ ಬೆಂಕಿಯ ಹಂಗಿಲ್ಲದ ತಿನಿಸು: ಬಿಸ್ಕತ್ತು, ಬ್ರೆಡ್, ಬಾಳೆಹಣ್ಣು, ಚುರುಮುರಿ, ಎಲ್ಲಕ್ಕಿಂತ ಮುಖ್ಯವಾಗಿ ನೀರು. ಅನಂತರ ಎರಡು ಮೂರು ದಿನ ಬಿಸಿ ಊಟ. ಆಮೇಲೆ ಜನಕ್ಕೆ ಬೇಕಾಗುವುದು ಅಕ್ಕಿ, ಬೇಳೆ, ಎಣ್ಣೆ, ಒಂದು ಒಲೆ. ಈ ಕ್ರಮ ತಪ್ಪಿದರೆ ನೆರವು ಹೊರೆಯಾಗುತ್ತದೆ. ಮೊದಲ ದಿನ ಒಣ ಅಕ್ಕಿ ಕೊಟ್ಟರೆ ಅದನ್ನು ಬೇಯಿಸಲು ಜಾಗವಿಲ್ಲ. ಐದನೇ ದಿನ ಪೊಟ್ಟಣದ ಅನ್ನ ಕೊಟ್ಟರೆ ಅದು ಮೋರಿ ಸೇರುತ್ತದೆ.

ಬಿಸಿ ಊಟಕ್ಕೆ ಈ ಪ್ರದೇಶ ಹೆಚ್ಚಾಗಿ ಖಿಚಡಿಯನ್ನೇ ನೆಚ್ಚುತ್ತದೆ. ಒಂದೇ ಪಾತ್ರೆ, ಪಲ್ಯ ಸಾರುಗಳ ರಗಳೆಯಿಲ್ಲ, ಮಗುವಿಗೂ ಹಲ್ಲಿಲ್ಲದ ಅಜ್ಜಿಗೂ ಆಗುತ್ತದೆ. ತಲೆಗೆ 100 ಗ್ರಾಂ ಅಕ್ಕಿ, 35 ಗ್ರಾಂ ಬೇಳೆ, 10 ಗ್ರಾಂ ಎಣ್ಣೆ ಎಂದಿಟ್ಟುಕೊಂಡರೆ ಸಾವಿರ ಜನಕ್ಕೆ ಒಂದು ಕ್ವಿಂಟಲ್ ಅಕ್ಕಿ, 35 ಕಿಲೋ ಬೇಳೆ, 10 ಕಿಲೋ ಎಣ್ಣೆ. ಬೇಯಿಸುವುದಕ್ಕೇ ಐನೂರು ಲೀಟರಿನಷ್ಟು ಒಳ್ಳೆಯ ನೀರು. ಸುತ್ತೆಲ್ಲ ನೀರೇ ಇರುವ ಊರಿನಲ್ಲಿ ಅಡುಗೆಯವರಿಗೆ ಮೊದಲು ಕೊರತೆ ಬೀಳುವುದು ನೀರಿಗೇ.

ಬೆಂದ ಮೇಲೆ ಗಡಿಯಾರದ ಜೊತೆ ಓಟ. ಬೇಯಿಸಿದ ಅನ್ನ ಅರವತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದು ಗಂಟೆಗಟ್ಟಲೆ ಕೂತರೆ ಅದರಲ್ಲಿ ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಮಳೆಗಾಲದ ಸೆಕೆಯಲ್ಲಿ ಬಿಗಿಯಾಗಿ ಕಟ್ಟಿದ ಪೊಟ್ಟಣ ಅವಕ್ಕೆ ಒಳ್ಳೆಯ ಗೂಡು. ಬೆಳಿಗ್ಗೆ ಹನ್ನೊಂದಕ್ಕೆ ಕಟ್ಟಿದ ಪೊಟ್ಟಣ ದೋಣಿ ಸಿಗದೆ ಸಂಜೆ ಐದಕ್ಕೆ ತಲುಪಿದರೆ ಅದನ್ನು ಕೊಡದಿರುವುದೇ ಕ್ಷೇಮ. ಹಸಿದವರ ಎದುರು ನಿಂತು ಅನ್ನ ಚೆಲ್ಲುವುದು ಕಷ್ಟದ ಕೆಲಸ. ಬಲ್ಲ ಸ್ವಯಂಸೇವಕರು ಅದಕ್ಕೇ ದೂರದ ಜಾಗಗಳಿಗೆ ಪೋಳಿ ಮತ್ತು ಒಣ ಚಟ್ನಿ ಕಟ್ಟುತ್ತಾರೆ. ಜೋಳದ ರೊಟ್ಟಿಯ ಹೆಚ್ಚುಗಾರಿಕೆಯೂ ಇದೇ. 2018ರಲ್ಲಿ ಕೊಡಗಿಗೆ ಉತ್ತರ ಕರ್ನಾಟಕದಿಂದ ಹೋದ ಕಟಕಟಿ ರೊಟ್ಟಿ ಘಟ್ಟ ಹತ್ತಿದರೂ ಕೆಡುವ ಪದಾರ್ಥವಾಗಿರಲಿಲ್ಲ.

ಪೊಟ್ಟಣ ಯಾವುದರಲ್ಲಿ ಕಟ್ಟಬೇಕು ಎಂಬುದೂ ಸಣ್ಣ ಮಾತಲ್ಲ. 2005ರ ನೆರೆಯಲ್ಲಿ ಮೋರಿಗಳಿಗೆ ಅಡ್ಡವಾದವುಗಳಲ್ಲಿ ತೆಳು ಪ್ಲಾಸ್ಟಿಕ್ ಚೀಲಗಳೂ ಇದ್ದವು. 2006ರಲ್ಲಿ 50 ಮೈಕ್ರಾನ್‌ಗಿಂತ ತೆಳುವಾದ ಚೀಲಗಳನ್ನು ಮಹಾರಾಷ್ಟ್ರ ನಿಷೇಧಿಸಿತು, 2018ರಲ್ಲಿ ನಿಷೇಧವನ್ನು ಇನ್ನೂ ಹಿಗ್ಗಿಸಿತು. ನೆರೆ ಸಂತ್ರಸ್ತರ ಊಟದ ಚೀಲವೇ ಮುಂದಿನ ನೆರೆಗೆ ಕಾರಣವಾಗಬಾರದಲ್ಲ! ಹಂಡೆಯನ್ನೇ ಬೀದಿಗೆ ಒಯ್ದು ಅವರವರ ಪಾತ್ರೆಗೆ ಬಡಿಸುವುದು, ಪತ್ರಾವಳಿ ಬಳಸುವುದು ಹಳೆಯ ಪದ್ಧತಿ. ಬಿಸಿಯೂ ಉಳಿಯುತ್ತದೆ.

ಇನ್ನು ಪೋಷಣೆಯ ಲೆಕ್ಕ. ಮೇಲೆ ಹೇಳಿದ ಒಂದು ಪಾಲು ಖಿಚಡಿಯಲ್ಲಿ ಇರುವುದು ಸುಮಾರು 560 ಕಿಲೋ ಕ್ಯಾಲರಿ. ದಿನಕ್ಕೆ ಎರಡು ಸಲ ಸಿಕ್ಕರೆ 1,120. ಟೆಂಪಲ್‌ನ ಕುಖ್ಯಾತ ಒಂದು ಪೌಂಡ್ ಧಾನ್ಯದಲ್ಲಿ 1,500ಕ್ಕಿಂತ ಹೆಚ್ಚಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅವನದು ತಿಂಗಳುಗಟ್ಟಲೆ ಕಲ್ಲು ಹೊತ್ತವರಿಗೆ ಕೊಟ್ಟ ಕೂಲಿ, ಇದು ಎರಡು ಮೂರು ದಿನದ ಆಸರೆ. ಆದರೂ ಈ ಹೋಲಿಕೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸ್ವಯಂಸೇವಕರ ಪೊಟ್ಟಣ ಹಸಿವನ್ನು ಮುಂದೂಡುತ್ತದೆ, ನೀಗಿಸುವುದಿಲ್ಲ. ಅದನ್ನೇ ಪರಿಹಾರವೆಂದು ಎಣಿಸಿ ಸರ್ಕಾರ ಸುಮ್ಮನಾಗುವಂತಿಲ್ಲ.

ಶಿಬಿರದ ಹೊರಗಿನವರು

2005ರ ಡಿಸೆಂಬರಿನಲ್ಲಿ ದೇಶಕ್ಕೆ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಹಿಂದಿನ ವರ್ಷದ ಸುನಾಮಿ ಅದಕ್ಕೆ ದೊಡ್ಡ ಪ್ರೇರಣೆ. ಮಹಾಲಕ್ಷ್ಮೀ ಎಕ್ಸ್‌ಪ್ರೆಸ್‌ನ ಜನರನ್ನು ದೋಣಿ ಹತ್ತಿಸಿದ ಸ್ಪಂದನಾ ಪಡೆ ಈ ಕಾಯ್ದೆಯ ಕೂಸು. ಕಾಯ್ದೆಯ 12ನೇ ಸೆಕ್ಷನ್ ಪರಿಹಾರದ ಕನಿಷ್ಠ ಮಟ್ಟವನ್ನು ಗೊತ್ತುಪಡಿಸಬೇಕೆಂದು ಹೇಳುತ್ತದೆ: ಪರಿಹಾರ ಶಿಬಿರಗಳಲ್ಲಿ ಆಶ್ರಯ, ಆಹಾರ, ಕುಡಿಯುವ ನೀರು, ಔಷಧೋಪಚಾರ, ನೈರ್ಮಲ್ಯ. ಅದರಂತೆ 2016ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ದೊಡ್ಡವರಿಗೆ ದಿನಕ್ಕೆ 2,400 ಕಿಲೋ ಕ್ಯಾಲರಿ, ಮಕ್ಕಳಿಗೆ 1,700, ಕುಡಿಯಲು ತಲೆಗೆ ಕನಿಷ್ಠ ಮೂರು ಲೀಟರ್ ನೀರು, ಮಲಗಲು ತಲೆಗೆ ಮೂರೂವರೆ ಚದರ ಮೀಟರ್ ಸೂರು. ಟೆಂಪಲ್ ಮತ್ತು ಕಾರ್ನಿಷ್ ಜಗಳದ 139 ವರ್ಷಗಳ ಬಳಿಕ ಬಂದ ಒಳ್ಳೆಯ ಅಂಕಿಗಳು ಇವು.

ಆದರೆ ಇವೆಲ್ಲ ಶಿಬಿರದೊಳಗಿನವರಿಗೆ. ಉಲ್ಹಾಸ್ ಕಣಿವೆಯಲ್ಲಿ ಎಲ್ಲರೂ ಶಿಬಿರಕ್ಕೆ ಹೋಗುವುದಿಲ್ಲ. ನೆಲಮಹಡಿಯವರು ಮೇಲಿನ ಮನೆಯವರಲ್ಲಿ ರಾತ್ರಿ ಕಳೆಯುತ್ತಾರೆ. ಚಾಳಿನವರು ಸಾಮಾನು ಕಾಯಲು ಅಟ್ಟದ ಮೇಲೆ ಕೂರುತ್ತಾರೆ. ನಾಲ್ಕನೇ ಮಹಡಿಯವರ ಮನೆಯಲ್ಲಿ ಒಲೆ ಒಣಗಿದ್ದರೂ ಕರೆಂಟಿಲ್ಲದೆ ಪಂಪು ನಿಂತು ನೀರಿಲ್ಲ. ಕಟ್ಟುತ್ತಿರುವ ಕಟ್ಟಡದ ಕಾವಲುಗಾರ, ನಾಕಾದಲ್ಲಿ ದಿನಗೂಲಿಗೆ ನಿಲ್ಲುವ ಹೊರರಾಜ್ಯದ ಕೂಲಿ, ಇವರ ಹೆಸರು ಯಾವ ಪಟ್ಟಿಯಲ್ಲಿದೆ? ಶಿಬಿರದ ಹಾಜರಿ ಪುಸ್ತಕದಲ್ಲಿ ಇವರಿಲ್ಲ, ಹಾಗಾಗಿ 2,400ರ ಲೆಕ್ಕದಲ್ಲೂ ಇಲ್ಲ. ಇವರಿಗೆ ತಲುಪುವುದು ಸ್ವಯಂಸೇವಕರ ಹಂಡೆ. ಯಾವ ಚಾಳಿನಲ್ಲಿ ಎಷ್ಟು ಜನ, ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರು, ಎಲ್ಲಿ ಬಾಣಂತಿ ಎಂದು ಬಾಯಲ್ಲೇ ಹೇಳಬಲ್ಲವರು ಅದೇ ಬೀದಿಯ ಜನ. ಕೆಲವೊಮ್ಮೆ ಅವರ ಹಂಡೆಯೂ ತಲುಪದ ಜಾಗಗಳಿರುತ್ತವೆ. 2019ರ ಆಗಸ್ಟ್ 4ರಂದು ಖಡವಲಿ ಬಳಿಯ ಜು ನಂದಖುರಿ ಗ್ರಾಮದಿಂದ 58 ಜನರನ್ನು ವಾಯುಪಡೆಯ ಹೆಲಿಕಾಪ್ಟರ್ ಎತ್ತಿಕೊಳ್ಳಬೇಕಾಯಿತು.

ಎರಡನೆಯ ತೊಡಕು ದಿನಗಳದು. ಕೇಂದ್ರದ ವಿಪತ್ತು ಪರಿಹಾರ ನಿಧಿಯ 2015ರ ನಿಯಮಗಳ ಪ್ರಕಾರ ಬಟ್ಟೆಗೆ 1,800 ರೂಪಾಯಿ, ಪಾತ್ರೆ ಸಾಮಾನಿಗೆ 2,000 ರೂಪಾಯಿ ಸಿಗುತ್ತಿದ್ದದ್ದು ಮನೆ ಕೊಚ್ಚಿಹೋದವರಿಗೆ, ಪೂರ್ತಿ ಬಿದ್ದವರಿಗೆ, ಇಲ್ಲವೇ ಮನೆ ಎರಡು ದಿನಕ್ಕಿಂತ ಹೆಚ್ಚು ಕಾಲ ಮುಳುಗಿದ್ದವರಿಗೆ. ಕೃಷ್ಣಾ, ಪಂಚಗಂಗಾ ತೀರದ ನೆರೆಗೆ ಈ ಅಳತೆ ಒಂದಿಷ್ಟು ಒಗ್ಗಬಹುದು. ಅಲ್ಲಿ ನೀರು ವಾರಗಟ್ಟಲೆ ನಿಲ್ಲುತ್ತದೆ. ಅಲ್ಲೂ 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರ, ಸಾಂಗ್ಲಿಯ ಜನ ಈ ಎರಡು ದಿನದ ಷರತ್ತಿಗೆ ಸಿಟ್ಟಿಗೆದ್ದರು. 122 ಕಿಲೋಮೀಟರಿನ, ಭರತ ಇಳಿತಗಳ ಜೊತೆ ಉಸಿರಾಡುವ ಉಲ್ಹಾಸ್‌ನ ನೆರೆ ಬಹಳ ಸಲ ಎರಡು ದಿನ ಕಾಯುವುದೇ ಇಲ್ಲ. ರಾತ್ರಿ ಬಂದು ಮರುದಿನ ಹೋಗುತ್ತದೆ. ಹೋಗುವಾಗ ಹಾಸಿಗೆ, ಹಿಟ್ಟಿನ ಡಬ್ಬ, ಫ್ರಿಜ್ಜು, ಶಾಲೆ ಪುಸ್ತಕ, ರೇಷನ್ ಕಾರ್ಡು ಎಲ್ಲವನ್ನೂ ಕೆಸರು ಮಾಡಿಯೇ ಹೋಗುತ್ತದೆ. ಒಲೆ ಹಾಳಾಗಲು ಆರು ಗಂಟೆ ಸಾಕು. ನಿಯಮದ ಕಣ್ಣಿಗೆ ಆ ಮನೆ ಮುಳುಗಿಯೇ ಇಲ್ಲ.

ಸ್ವಯಂಸೇವಕರ ಅಡುಗೆ ನಿಲ್ಲುವುದೂ ಸರಿಸುಮಾರು ಆ ಹೊತ್ತಿಗೇ. ನೀರಿಳಿದ ಮೂರನೇ ದಿನ ಲೋಕಲ್ ಓಡುತ್ತದೆ, ಅಡುಗೆಗೆ ಬಂದವರು ನೌಕರಿಗೆ ಮರಳಬೇಕು, ಛತ್ರದ ಮಾಲೀಕರಿಗೆ ಬೀಗದ ಕೈ ಬೇಕು, ದೇಣಿಗೆ ಮುಗಿದಿರುತ್ತದೆ. ಅವರ ತಪ್ಪೇನೂ ಇಲ್ಲ. ಇತ್ತ ಮನೆಯವರು ಕೆಸರು ಬಾಚುತ್ತ ಕೆಲಸಕ್ಕೆ ಹೋಗದೆ ದಿನಗೂಲಿ ಕಳೆದುಕೊಂಡಿರುತ್ತಾರೆ. ರೋಗ ಬರುವುದೂ ಆಗಲೇ. 2005ರ ಆಗಸ್ಟ್‌ನಲ್ಲಿ ಮುಂಬಯಿ, ಥಾಣೆ ಕಡೆ ಇಲಿಜ್ವರ ಹಬ್ಬಿದ್ದು ನೀರಿಳಿದ ಮೇಲೆ. ಪೊಟ್ಟಣ ನಿಂತ ದಿನಕ್ಕೂ ಮನೆಯ ಒಲೆ ಹೊತ್ತಿದ ದಿನಕ್ಕೂ ನಡುವಿನ ಈ ವಾರ ಯಾರ ಹೊಣೆ ಎಂದು ಯಾವ ನಿಯಮವೂ ಹೇಳುವುದಿಲ್ಲ.

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಮುಳುಗಿದ ದಿನಗಳ ಬದಲು ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂಬುದನ್ನು ಅಳತೆಯಾಗಿ ಇಟ್ಟುಕೊಂಡರೆ ತಲಾಠಿಯ ಪಂಚನಾಮೆ ಬೇರೆಯೇ ಆದೀತು. ಮಳೆಗಾಲಕ್ಕೆ ಮುಂಚೆ ಮೋರಿಗಳ ಹೂಳೆತ್ತುವಂತೆ ಪ್ರತಿ ವಾರ್ಡಿನ ದೊಡ್ಡ ಅಡುಗೆಮನೆಗಳ ಪಟ್ಟಿಯನ್ನೂ ಪಾಲಿಕೆಗಳು ಮಾಡಿಡಬಹುದು: ಛತ್ರ, ಹೋಟೆಲು, ಗುರುದ್ವಾರ, ಶಾಲೆ, ಮಹಿಳಾ ಬಚತ್ ಗಟಗಳು. ಎತ್ತರದಲ್ಲಿರುವ ಅಡುಗೆಮನೆ ಯಾವುದು, ನೀರಿನ ಟ್ಯಾಂಕು ಎಷ್ಟು ದೊಡ್ಡದು, ಬೀಗದ ಕೈ ಯಾರ ಬಳಿ ಎಂಬ ಮೂರು ಸಂಗತಿ ಗೊತ್ತಿದ್ದರೆ ಮೊದಲ ಆರು ಗಂಟೆ ಉಳಿಯುತ್ತವೆ. ಬೇಯಿಸಿದ ಕೈಗಳು ಮನೆಗೆ ಮರಳುವ ದಿನ ಒಣ ಸಾಮಾನು ಮತ್ತು ಒಲೆ ಬಂದು ಸೇರಿದರೆ ಎರಡರ ನಡುವಿನ ಹಳ್ಳವೂ ಮುಚ್ಚುತ್ತದೆ.

ಮಹಾಲಕ್ಷ್ಮೀ ಎಕ್ಸ್‌ಪ್ರೆಸ್‌ನ ಜನ ಕೊಲ್ಹಾಪುರದ ಕಡೆ ಹೊರಟ ಹತ್ತು ದಿನದೊಳಗೆ ಪಂಚಗಂಗಾ ಉಕ್ಕಿ ಆ ಊರೇ ನೀರಿನಲ್ಲಿ ನಿಂತಿತು. ಕೊಲ್ಹಾಪುರ ನಿಪ್ಪಾಣಿ ನಡುವೆ ಹೆದ್ದಾರಿ ಮುಚ್ಚಿತು. ಗಡಿಯ ಈಚೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳೂ ಮುಳುಗಿದವು. ಕೊಲ್ಹಾಪುರದ ಗೋಕುಳ್ ಹಾಲು ಮುಂಬಯಿಗೆ ಬರುವುದು ನಿಂತು, ಥಾಣೆ, ಡೊಂಬಿವಲಿಯ ಬೆಳಗಿನ ಚಹಾಕ್ಕೂ ಬಿಸಿ ತಟ್ಟಿತು. ಈಗ ಲಾರಿಗಳು ಈ ಕಡೆಯಿಂದ ಆ ಕಡೆಗೆ ಹೊರಟವು. 2021ರ ಜುಲೈಯಲ್ಲಿ ಮಹಾಡ್, ಚಿಪಳೂಣ್ ಮುಳುಗಿದಾಗಲೂ ಥಾಣೆ, ನವಿ ಮುಂಬಯಿಯ ವಾಹನಗಳು ಗೋವಾ ಹೆದ್ದಾರಿ ಹಿಡಿದವು. ಒಂದು ಮಳೆಗಾಲದಲ್ಲಿ ಉಂಡವರು ಮುಂದಿನ ಮಳೆಗಾಲದಲ್ಲಿ ಬಡಿಸುವವರಾಗುವುದು ಈ ನಾಡಿನಲ್ಲಿ ನಡೆದುಬಂದದ್ದು. 2005ರ ನೆರೆಯ ಕಾರಣ ಹುಡುಕಿದ ಮಾಧವರಾವ್ ಚಿತಳೆ ಸಮಿತಿಯ ಮುಂದಿದ್ದ ವಿಷಯ ನದಿ, ಮೋರಿ, ಮಳೆ. ಅದರ ವರದಿಯಲ್ಲಿ ಖಿಚಡಿಗೆ ಜಾಗವಿರಬೇಕಾಗಿರಲಿಲ್ಲ. ಆದರೆ ಎಷ್ಟು ಹಂಡೆ ಬೆಂದಿತು, ಎಷ್ಟನೇ ದಿನ ನಿಂತಿತು, ಆಮೇಲೆ ಯಾವ ಬೀದಿಯಲ್ಲಿ ಎಷ್ಟು ದಿನ ಹೊಗೆ ಏಳಲಿಲ್ಲ ಎಂದು ಬೇಯಿಸಿದವರೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ಎರಡು ದಿನದ ನಿಯಮವನ್ನು ಪ್ರಶ್ನಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಸಿಗಲಾರದು.